ಸುಗಂಧ ಮೇಣದಬತ್ತಿಗೆ ಎಣ್ಣೆ ಎಷ್ಟು? ಕಲಬುರಗಿ ಬಿಸಿಲಿಗೆ ನಾನು ಹಿಡಿದ ಲೆಕ್ಕ

ಸೋಯಾ ಮೇಣದ ಚೀಲದ ಮೇಲೆ ‘ಸುಗಂಧ 10% ವರೆಗೆ’ ಎಂದು ಬರೆದಿರುತ್ತದೆ. ಬಹಳ ಮಂದಿ ಅದನ್ನೇ ಅಳತೆ ಎಂದು ಹಿಡಿದು ಹತ್ತಕ್ಕೆ ಹತ್ತೂ ಸುರಿಯುತ್ತಾರೆ. ಅದು ಮೇಣ ತಡೆದುಕೊಳ್ಳುವ ಕೊನೆಯ ಗೆರೆ. ನಾನು ಸೋಯಾಕ್ಕೆ 6% ಇಂದ ಶುರು ಮಾಡುತ್ತೇನೆ, 8% ದಾಟುವುದಿಲ್ಲ. ಲವಂಗ, ದಾಲ್ಚಿನ್ನಿಯಂಥ ಖಾರದ ವಾಸನೆಗಳಿಗೆ 4–5% ಸಾಕು. ಬರೀ ಪ್ಯಾರಾಫಿನ್ ಮೇಣವಾದರೆ 3% ದಾಟಿದ ಮೇಲೆ ಹುಷಾರಾಗಿರಬೇಕು.

ಇಷ್ಟು ಕೈ ಬಿಗಿ ಹಿಡಿಯುವುದಕ್ಕೆ ಮುಖ್ಯ ಕಾರಣ ನಮ್ಮ ಬಿಸಿಲು. ಗಾಜಿನ ಡಬ್ಬಿಗೆ ಹಾಕುವ ಸೋಯಾ ಮೇಣ ಕರಗುವುದೇ ಸುಮಾರು 46–50 ಡಿಗ್ರಿಗೆ. ಎಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ, ಯಾದಗಿರಿಯಲ್ಲಿ ಪಾರಾ 42 ದಾಟುವುದು ಹೊಸದೇನಲ್ಲ. ತಗಡಿನ ಶೆಡ್ಡಿನೊಳಗೆ, ಅಂಗಡಿಯ ಮೇಲಿನ ಹಲಗೆಯಲ್ಲಿ ಅದಕ್ಕಿಂತ ಹೆಚ್ಚೇ ಇರುತ್ತದೆ. ಸುಗಂಧದ ಎಣ್ಣೆ ಬೆರೆತಷ್ಟೂ ಮೇಣ ಮೆತ್ತಗಾಗುತ್ತದೆ, ಕರಗುವ ಮಟ್ಟ ಇನ್ನೂ ಕೆಳಗಿಳಿಯುತ್ತದೆ. ಆಗ ಮೇಣದ ಹರಳುಗಳ ನಡುವೆ ಸಿಕ್ಕಿಕೊಂಡಿದ್ದ ಎಣ್ಣೆ ಹೊರಗೆ ಬಂದು ಮೇಲೆ ಹನಿಹನಿಯಾಗಿ ನಿಲ್ಲುತ್ತದೆ. ಇದಕ್ಕೆ ‘ಬೆವರುವುದು’ ಎನ್ನುತ್ತೇವೆ. ದೀಪಾವಳಿಗೆ 10% ಹಾಕಿ ಸುರಿದ ಡಬ್ಬಿ ಡಿಸೆಂಬರಿನಲ್ಲಿ ನೋಡಲು ಚೆನ್ನಾಗಿಯೇ ಇರುತ್ತದೆ. ಉಳಿದ ಮಾಲು ಬ್ಯಾಸಗಿಯಲ್ಲಿ ಬಣ್ಣ ಬದಲಿಸಿ ಬೆವರುತ್ತದೆ. ಹಬ್ಬದ ಮಾಲಿಗೂ ಎಪ್ರಿಲ್ ಲೆಕ್ಕ ಹಿಡಿದೇ ಎಣ್ಣೆ ಹಾಕಬೇಕು. ಬೀದರ್ ಎತ್ತರದ ಊರು, ಸ್ವಲ್ಪ ತಂಪು. ಆದರೂ ಅಲ್ಲಿಗೆ ಹೋಗುವ ಡಬ್ಬಿ ಬಿಸಿಲಲ್ಲೇ ಬಸ್ಸಿನ ಡಿಕ್ಕಿಯಲ್ಲಿ ಹೋಗುತ್ತದಲ್ಲ.

ಬೆವರು ಬರೀ ಅಂದದ ಮಾತಲ್ಲ. ಮೇಲೆ ನಿಂತ ಎಣ್ಣೆಗೆ ಬತ್ತಿಯ ಉರಿ ತಾಗಿದರೆ ಜ್ವಾಲೆ ದಿಢೀರನೆ ಏಳಬಹುದು. ಹಾಗಾದ ಡಬ್ಬಿಯನ್ನು ಹಚ್ಚುವ ಮುಂಚೆ ಟಿಶ್ಯೂದಿಂದ ಒತ್ತಿ ಒರೆಸಲೇಬೇಕು.

ಈಗ ಅಳತೆ. ಎಣ್ಣೆಯನ್ನು ಹನಿ, ಚಮಚ, ಮಿಲಿಲೀಟರ್‌ಗಳಲ್ಲಿ ಅಳೆಯುವುದನ್ನು ಬಿಡಿ. ಒಂದೊಂದು ಎಣ್ಣೆಯ ತೂಕ ಒಂದೊಂದು ಥರ. 10 ಮಿಲಿ ಎಂದರೆ 9 ಗ್ರಾಂ ಇರಬಹುದು, 11 ಗ್ರಾಂ ಇರಬಹುದು. 0.1 ಗ್ರಾಂ ತೋರಿಸುವ ತಕ್ಕಡಿ ಬೇಕು. ಶೇಕಡಾವನ್ನು ಮೇಣದ ತೂಕದ ಮೇಲೆ ಹಿಡಿಯಿರಿ: 100 ಗ್ರಾಂ ಮೇಣಕ್ಕೆ 6 ಗ್ರಾಂ ಎಣ್ಣೆ ಹಾಕಿದರೆ 6%, ಒಟ್ಟು 106 ಗ್ರಾಂ. ಕೆಲವರು ಒಟ್ಟು ತೂಕದ ಮೇಲೆ ಹಿಡಿಯುತ್ತಾರೆ, ತಪ್ಪೇನಿಲ್ಲ. ಆದರೆ ಎರಡನ್ನೂ ಬೆರೆಸಿದರೆ ಒಂದು ಸಲದ ಮಾಲಿಗೂ ಮುಂದಿನದಕ್ಕೂ ತಾಳೆಯಾಗುವುದಿಲ್ಲ.

ಡಬ್ಬಿಗೆ ಎಷ್ಟು ಹಿಡಿಯುತ್ತದೆ ಎಂದು ತಿಳಿಯಲು ಸುರಿಯುವ ಗೆರೆಯವರೆಗೆ ನೀರು ತುಂಬಿ ತೂಗಿ, 0.9ರಿಂದ ಗುಣಿಸಿ. 200 ಗ್ರಾಂ ನೀರು ಹಿಡಿದರೆ ಮಿಶ್ರಣ ಸುಮಾರು 180 ಗ್ರಾಂ. 6% ಬೇಕಾದರೆ 180ನ್ನು 1.06ರಿಂದ ಭಾಗಿಸಿ: ಮೇಣ 169.8, ಎಣ್ಣೆ 10.2 ಗ್ರಾಂ. 8% ಆದರೆ 1.08ರಿಂದ: ಮೇಣ 166.7, ಎಣ್ಣೆ 13.3. ಡಬ್ಬಿಯ ನೀರನ್ನು ಪೂರ್ತಿ ಒರೆಸಿ ಒಣಗಿಸಿ. ಒಂದು ಹನಿ ಉಳಿದರೂ ಬತ್ತಿ ಚಟಚಟ ಎನ್ನುತ್ತದೆ.

ಮೇಣವನ್ನು ನೇರ ಉರಿಯ ಮೇಲೆ ಇಡದೆ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು 80–85 ಡಿಗ್ರಿಗೆ ಕಾಸುತ್ತೇನೆ. ಗ್ಯಾಸ್ ಆರಿಸಿ, ಪಾತ್ರೆ ಇಳಿಸಿ, 75–80ಕ್ಕೆ ಬಂದಾಗ ಎಣ್ಣೆ ಹಾಕಿ ಎರಡು ನಿಮಿಷ ನಿಧಾನಕ್ಕೆ, ತಳ ಮುಟ್ಟಿ ತಿರುವಬೇಕು. ಸೋಯಾ ತಣ್ಣಗಾಗುತ್ತಾ ಬಂದ ಮೇಲೆ ಎಣ್ಣೆ ಹಾಕಿದರೆ ಅದು ಸರಿಯಾಗಿ ಬೆರೆಯದೆ ತಳದಲ್ಲಿ ಕೂರುತ್ತದೆ. 6% ಹಾಕಿದ್ದರೂ ಮೇಲಿನ ಅರ್ಧಕ್ಕೆ ಕಂಪಿಲ್ಲ, ಕೆಳಗೆ ಬಂದಾಗ ಬತ್ತಿ ಉಸಿರುಗಟ್ಟುತ್ತದೆ. ಸುರಿಯುವುದು 60ರ ಆಸುಪಾಸಿನಲ್ಲಿ, ಫ್ಯಾನ್ ನಿಲ್ಲಿಸಿ. ಫ್ಲ್ಯಾಶ್ ಪಾಯಿಂಟ್ 60 ಎಂದು ಬರೆದ ಎಣ್ಣೆಯನ್ನು 75 ಡಿಗ್ರಿ ಮೇಣಕ್ಕೆ ಹಾಕಿದರೆ ಕಂಪೆಲ್ಲ ಹಾರಿಹೋಗುತ್ತದೆ ಎಂಬ ಭಯ ಬೇಡ. ಆ ಅಂಕಿ ಹೇಳುವುದು ಎಣ್ಣೆಯ ಆವಿಗೆ ಕಿಡಿ ತಾಗಿದರೆ ಎಷ್ಟು ಬಿಸಿಯಲ್ಲಿ ಹೊತ್ತಿಕೊಳ್ಳುತ್ತದೆ ಎಂದು. ಗ್ಯಾಸ್ ಆರಿಸಿ ಎಂದದ್ದು ಅದಕ್ಕೇ.

ಬಾಟಲಿಯಲ್ಲಿ ಏನಿದೆ ಎಂಬುದು ಶೇಕಡಾಕ್ಕಿಂತ ದೊಡ್ಡ ಪ್ರಶ್ನೆ. ಊದಿನಕಡ್ಡಿಗೆಂದು ಮಾರುವ ಸುಗಂಧದಲ್ಲಿ ಡಿಇಪಿ ಎಂಬ ದ್ರಾವಕ ಬೆರೆಸುವುದು ಸಾಮಾನ್ಯ. ಅರ್ಧದಷ್ಟು ಡಿಇಪಿ ಇದ್ದರೆ ನೀವು 8% ಹಾಕಿದಾಗ ಮೇಣಕ್ಕೆ ಬಿದ್ದ ಕಂಪು 4% ಮಾತ್ರ, ಮೇಣವನ್ನು ಮೆತ್ತಗೆ ಮಾಡುವ ದ್ರವ ಮಾತ್ರ ಪೂರ್ತಿ 8%. ಕಂಪು ಸಾಲದೆಂದು ಇನ್ನೂ ಹಾಕುತ್ತೀರಿ, ಡಬ್ಬಿ ಬೆವರುತ್ತದೆ. ಸಸ್ತಾ ಎಂದು ಕೊಂಡದ್ದು ಹೀಗೆ ದುಬಾರಿಯಾಗುತ್ತದೆ. ದರ್ಗಾದ ಕಡೆ ಸಿಗುವ ಅತ್ತರಿನ ಕಂಪಿಗೆ ಎರಡು ಮಾತಿಲ್ಲ, ಆದರೆ ಅದು ಮೈಗೆ ಹಚ್ಚಲು ಮಾಡಿದ್ದು; ಎಷ್ಟೋ ಸಲ ಅದರ ತಳದಲ್ಲಿ ಲಿಕ್ವಿಡ್ ಪ್ಯಾರಾಫಿನ್ ಎಂಬ ಖನಿಜ ಎಣ್ಣೆ ಇರುತ್ತದೆ. ಬೇಕರಿ ಎಸೆನ್ಸ್, ನೀರು ಬೆರೆತ ರೂಮ್ ಫ್ರೆಶ್ನರ್ ಮೇಣದಲ್ಲಿ ಕರಗುವುದೇ ಇಲ್ಲ. ಸ್ಪಿರಿಟ್ ಇರುವ ಸೆಂಟನ್ನು ಬಿಸಿ ಮೇಣದ ಹತ್ತಿರ ತರಲೇಬಾರದು. ಕೊಳ್ಳುವಾಗ ‘ಮೇಣದಬತ್ತಿಗೆ’ ಎಂದು ಹೇಳಿ ಕೇಳಿ, ಇಫ್ರಾ (ಅಂತರರಾಷ್ಟ್ರೀಯ ಸುಗಂಧ ಸಂಘ) ನಿಯಮದ ಸುರಕ್ಷತಾ ಪತ್ರವನ್ನೂ ಕೇಳಿ. ಅದರಲ್ಲಿ ಮೇಣದಬತ್ತಿ 12ನೇ ವರ್ಗದಲ್ಲಿ ಬರುತ್ತದೆ. ಅಲ್ಲಿ 100% ಎಂದಿದ್ದರೆ ಅದು ಸುರಕ್ಷತೆಯ ಮಿತಿ, ಪಾಕದ ಅಳತೆ ಅಲ್ಲ. ವೆನಿಲ್ಲಾ ಇರುವ ಎಣ್ಣೆ 3% ಹಾಕಿದರೂ ಬಿಳಿ ಮೇಣವನ್ನು ಕಂದು ಮಾಡುತ್ತದೆ. ಅದು ವೆನಿಲಿನ್ನಿನ ಗುಣ, ಹೆಚ್ಚಾದದ್ದರ ಗುರುತಲ್ಲ.

ಪ್ಯಾರಾಫಿನ್ ಕೊಳ್ಳುವವರು ಪೂರ್ತಿ ಶುದ್ಧೀಕರಿಸಿದ್ದನ್ನೇ ಕೊಳ್ಳಬೇಕು. ಅರೆಶುದ್ಧ ಗಟ್ಟಿಯಲ್ಲಿ ಮೊದಲೇ ಖನಿಜ ಎಣ್ಣೆ ಹೆಚ್ಚಿರುತ್ತದೆ, ನಿಮ್ಮ ಎಣ್ಣೆಗೆ ಜಾಗವಿಲ್ಲ. 10% ಸ್ಟಿಯರಿಕ್ ಆಸಿಡ್ ಬೆರೆಸಿದರೆ ಗಟ್ಟಿಯಾಗಿ ಸ್ವಲ್ಪ ಹೆಚ್ಚು ಹಿಡಿಯುತ್ತದೆ.

ಹೊಸ ಎಣ್ಣೆ ಬಂದರೆ 4, 6, 8% ಎಂದು ಮೂರು ಡಬ್ಬಿ ಮಾಡಿ. ಒಂದೇ ಮೇಣ, ಒಂದೇ ಡಬ್ಬಿ, ಒಂದೇ ಬತ್ತಿ. ಎಣ್ಣೆ ಬಿಟ್ಟು ಬೇರೇನೂ ಬದಲಾಗಬಾರದು. ಸೋಯಾ ಆದರೆ ಮುಚ್ಚಳ ಹಾಕಿ ಎರಡು ವಾರ ಬಿಡಿ, ಪ್ಯಾರಾಫಿನ್‌ಗೆ ಎರಡು ಮೂರು ದಿನ ಸಾಕು. ಸುರಿದ ಮರುದಿನವೇ ಹಚ್ಚಿ ‘ಸೋಯಾಕ್ಕೆ ಕಂಪೇ ಇಲ್ಲ’ ಎನ್ನುವವರೇ ಎಣ್ಣೆ ಏರಿಸುವವರು. ಆಮೇಲೆ ಹತ್ತು ಅಡಿಗೆ ಹನ್ನೆರಡು ಅಡಿಯ ಕೋಣೆಯಲ್ಲಿ ಫ್ಯಾನ್, ಕೂಲರ್ ನಿಲ್ಲಿಸಿ ಒಂದೊಂದನ್ನೇ ಎರಡು ಮೂರು ತಾಸು ಉರಿಸಿ. ಕೂಲರ್ ಓಡುವ ಕೋಣೆಯಲ್ಲಿ 10% ಹಾಕಿದರೂ ಕಂಪು ನಿಲ್ಲದು, ಅದಕ್ಕೆ ಎಣ್ಣೆ ಮದ್ದಲ್ಲ. ಮೂಸಿ ನೋಡುವ ಕೆಲಸ ಹೊರಗಿನಿಂದ ಬಂದವರಿಗೆ ಬಿಡಿ. ದಿನವಿಡೀ ಎಣ್ಣೆ ಅಳೆದ ಮೂಗಿಗೆ ಏನೂ ಗೊತ್ತಾಗುವುದಿಲ್ಲ. ಬೆವರಿನ ಪರೀಕ್ಷೆಗೆ ಅಂಥವೇ ಇನ್ನೂ ಮೂರು ಡಬ್ಬಿ ಮಾಡಿ, ಮೇಲೆ ಟಿಶ್ಯೂ ಹಾಸಿ, ಮನೆಯ ಅತಿ ಬಿಸಿಯಾದ ಕೋಣೆಯಲ್ಲಿಡಿ. ಟಿಶ್ಯೂ ಜಿಡ್ಡಾದರೆ ಒಂದು ಮೆಟ್ಟಿಲು ಕೆಳಗಿಳಿಯಿರಿ.

6%ಗೆ ಕಂಪು ಸಾಲದಾದರೆ ಮೊದಲು ಬತ್ತಿ ನೋಡಿ, ಎಣ್ಣೆ ಆಮೇಲೆ. ಕಂಪು ಬರುವುದು ಕರಗಿದ ಮೇಣದ ಕೊಳದಿಂದ. 7 ಸೆಂಟಿಮೀಟರ್ ಅಗಲದ ಡಬ್ಬಿಯಲ್ಲಿ ಮೂರು ತಾಸಿನೊಳಗೆ ಕೊಳ ಅಂಚು ಮುಟ್ಟದಿದ್ದರೆ ಬತ್ತಿ ಸಣ್ಣದು, ಒಂದು ಅಳತೆ ದಪ್ಪ ಮಾಡಿ. ಹೆಚ್ಚಿನ ಸಲ ಇಷ್ಟಕ್ಕೇ ಸರಿಹೋಗುತ್ತದೆ. ಬತ್ತಿಯ ತುದಿ ಅಣಬೆಯಂತೆ ಉಬ್ಬಿದರೆ, ಗಾಜಿನ ಬಾಯಿ ಕಪ್ಪಾದರೆ ಎಣ್ಣೆ ಹೆಚ್ಚಾಗಿದೆ ಅಥವಾ ಬತ್ತಿ ದಪ್ಪವಾಗಿದೆ. ಬತ್ತಿಯನ್ನು 5–6 ಮಿಲಿಮೀಟರಿಗೆ ಕತ್ತರಿಸಿ ಇನ್ನೊಮ್ಮೆ ಉರಿಸಿ. ಆಗಲೂ ಹಾಗೇ ಆದರೆ ಒಂದು ಅಳತೆ ಸಣ್ಣ ಬತ್ತಿ ಹಾಕಿ. ಅದರಲ್ಲಿ ಜ್ವಾಲೆ ಕುಗ್ಗಿ, ತನ್ನದೇ ಕೊಳದಲ್ಲಿ ಮುಳುಗಿ ಆರಿದರೆ ತಪ್ಪು ಎಣ್ಣೆಯದು: ಹೆಚ್ಚಿನ ಎಣ್ಣೆ ಬತ್ತಿಯ ಎಳೆಗಳಲ್ಲಿ ಕಟ್ಟಿಕೊಂಡಿದೆ.

ಎಣ್ಣೆ ಹೆಚ್ಚಾದ ಮಾಲು ಬಿಸಾಡುವಂಥದ್ದಲ್ಲ. 10% ಹಾಕಿದ 110 ಗ್ರಾಂ ಮಿಶ್ರಣದಲ್ಲಿ ಎಣ್ಣೆ 10 ಗ್ರಾಂ ಇದೆ. 6%ಗೆ ಇಳಿಸಲು ಒಟ್ಟು ಮೇಣ 166.7 ಗ್ರಾಂ ಆಗಬೇಕು, ಅಂದರೆ ಸಪ್ಪೆ ಮೇಣ 67 ಗ್ರಾಂ ಸೇರಿಸಿ. ಹಳೆಯ ಬತ್ತಿ ತೆಗೆದುಹಾಕಿ, ಕಡಿಮೆ ಬಿಸಿಯಲ್ಲಿ ಕರಗಿಸಿ, ಹೊಸ ಬತ್ತಿ ಇಟ್ಟು ಸುರಿಯಿರಿ, ಮತ್ತೆ ಎರಡು ವಾರ ಬಿಡಿ. ಒರೆಸಿ ತೆಗೆದ ಬೆವರಿನ ಎಣ್ಣೆ ಲೆಕ್ಕಕ್ಕೆ ಸಿಗುವುದಿಲ್ಲ, ಹಾಗಾಗಿ ಕಂಪು ಒಂದಿಷ್ಟು ಕಡಿಮೆಯೇ ಬರುತ್ತದೆ; ಅಂಥವನ್ನು ಮನೆಗೆ ಇಟ್ಟುಕೊಳ್ಳಿ, ಗಿರಾಕಿಗೆ ಕೊಡಬೇಡಿ.