ಸಂಶೋಧಕರೇ, ನಿಮ್ಮ ಊಹೆಗಳನ್ನು ಎಲ್ಲಿಡುತ್ತೀರಿ?

ಪಿಎಚ್‌.ಡಿ.ಯ ಮೂರನೇ ವರ್ಷ ಗೈಡ್ ಕೇಳಿದರು: ‘ಮೊದಲು ಬೇರೇನೋ ಅಂದ್ಕೊಂಡಿದ್ರಲ್ಲ, ಅದನ್ಯಾಕೆ ಬಿಟ್ರಿ?’ ಉತ್ತರ ಯಾವುದೋ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿತ್ತು. ನೋಟ್‌ಬುಕ್ ಮಾತ್ರ ಸಿಗಲಿಲ್ಲ. ಆಮೇಲೆ ಕಟ್ಟಿಕೊಂಡ ವ್ಯವಸ್ಥೆ ಇದು, ದುಡ್ಡು ಖರ್ಚಿಲ್ಲ.

ಉದಾಹರಣೆಗೆ, ಪಾವಗಡದ ಕಡೆ ಕೆಲವು ಕೊಳವೆಬಾವಿಗಳಲ್ಲಿ ಫ್ಲೋರೈಡ್ ಯಾಕೆ ಹೆಚ್ಚು ಎಂಬ ಪ್ರಶ್ನೆ ಇಟ್ಟುಕೊಳ್ಳಿ.

1. ಒಂದು ಊಹೆಗೆ ಒಂದು ಕಡತ. ನಾನು ಬಳಸುವುದು ಅಬ್ಸಿಡಿಯನ್ ಎಂಬ ಟಿಪ್ಪಣಿ ಬರೆಯುವ ಆ್ಯಪ್. ಬರೆದದ್ದು ನಿಮ್ಮ ಕಂಪ್ಯೂಟರಿನಲ್ಲೇ ಸಾದಾ ಪಠ್ಯವಾಗಿ ಉಳಿಯುವುದರಿಂದ ನಾಳೆ ಆ ಆ್ಯಪ್ ಇಲ್ಲದಿದ್ದರೂ ನೋಟ್‌ಪ್ಯಾಡಿನಲ್ಲಿ ತೆರೆಯಬಹುದು. ಒಳಗೆ ನಾಲ್ಕೇ ಸಾಲು:

ಊಹೆ 2: ಕ್ಯಾಲ್ಸಿಯಂ ಕಡಿಮೆ ಇರುವ ನೀರಿನಲ್ಲಿ ಫ್ಲೋರೈಡ್ ಹೆಚ್ಚು.
ಕಾರಣ: ಕ್ಯಾಲ್ಸಿಯಂ ಇದ್ದರೆ ಫ್ಲೋರೈಡ್ ಅದರ ಜೊತೆ ಸೇರಿ ಫ್ಲೋರೈಟ್ ಎಂಬ ಖನಿಜವಾಗಿ ತಳಕ್ಕಿಳಿಯುತ್ತದೆ.
ಸುಳ್ಳಾಗುವುದು: ಕ್ಯಾಲ್ಸಿಯಂ ಹೇರಳವಿರುವ ಬಾವಿಗಳಲ್ಲೂ ಫ್ಲೋರೈಡ್ ಲೀಟರಿಗೆ 1.5 ಮಿ.ಗ್ರಾಂ ದಾಟಿದರೆ.
ಸ್ಥಿತಿ: ಪರೀಕ್ಷೆಯಲ್ಲಿದೆ.

ಮೂರನೇ ಸಾಲು ಬರೆಯಲಾಗದಿದ್ದರೆ ಅದಿನ್ನೂ ಊಹೆಯಾಗಿಲ್ಲ, ಬರೀ ಆಸೆ. ‘ಹೇರಳ’ ಎಂದರೆ ಎಷ್ಟು? ಅಲ್ಲೂ ಅಂಕಿ ಹಾಕಿ. ನಾನು ಮೇಲೆ ಸೋಮಾರಿತನ ಮಾಡಿದ್ದೇನೆ.

2. ಓದಿದ ಪ್ರಬಂಧಗಳು ಝೊಟೆರೊದಲ್ಲಿರಲಿ. ಪ್ರಬಂಧಗಳನ್ನು ಕೂಡಿಟ್ಟು ಹುಡುಕಲು ನೆರವಾಗುವ ತಂತ್ರಾಂಶ ಇದು. ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿ 2006ರಿಂದ ಉಚಿತವಾಗಿ ಸಿಗುತ್ತಿದೆ. ಪ್ರತಿ ಪ್ರಬಂಧಕ್ಕೂ ‘ಊಹೆ2-ಪರ’, ‘ಊಹೆ2-ವಿರುದ್ಧ’ ಎಂದು ಟ್ಯಾಗ್ ಹಚ್ಚಿ.

3. ಒಂದು ಸ್ಪ್ರೆಡ್‌ಶೀಟ್ ತೆರೆಯಿರಿ. ಅಡ್ಡಕ್ಕೆ ಊಹೆಗಳು: ಬಾವಿಯ ಆಳ, ಕ್ಯಾಲ್ಸಿಯಂ, ಆವಿಯಾಗುವಿಕೆ. ಉದ್ದಕ್ಕೆ ಪುರಾವೆಗಳು. ಹೊಂದಿದರೆ ಪ್ಲಸ್, ಹೊಂದದಿದ್ದರೆ ಮೈನಸ್. ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯಲ್ಲಿದ್ದ ರಿಚರ್ಡ್ಸ್ ಹ್ಯೂಯರ್ ರೂಪಿಸಿದ ಕ್ರಮವಿದು. ಇದರ ಗುಟ್ಟು ಮೈನಸ್ಸನ್ನು ಎಣಿಸುವುದರಲ್ಲಿದೆ. ‘ಬೇಸಿಗೆಯಲ್ಲಿ ಫ್ಲೋರೈಡ್ ಏರಿತು’ ಎಂಬ ಪುರಾವೆ ಕಂಡು ನಾನು ಕುಣಿದಿದ್ದೆ. ಕೋಷ್ಟಕಕ್ಕೆ ಹಾಕಿ ನೋಡಿದರೆ ಮೂರೂ ಊಹೆಗೆ ಪ್ಲಸ್! ಅಂದರೆ ಅದು ಏನನ್ನೂ ತೀರ್ಮಾನಿಸುವುದಿಲ್ಲ. ಕಡಿಮೆ ಮೈನಸ್ ಇರುವ ಊಹೆಯನ್ನು ಮುಂದಕ್ಕೆ ಒಯ್ಯಿರಿ.

4. ಮಾದರಿ ನೀರು ತರುವ ಮೊದಲೇ ನಿಮ್ಮ ಊಹೆಯನ್ನು ಓಪನ್ ಸೈನ್ಸ್ ಫ್ರೇಮ್‌ವರ್ಕ್ ಎಂಬ ಜಾಲತಾಣದಲ್ಲಿ ನೋಂದಾಯಿಸಿ. ದಿನಾಂಕದ ಮುದ್ರೆ ಬೀಳುತ್ತದೆ. ಬೇಕಿದ್ದರೆ 4 ವರ್ಷದವರೆಗೆ ಗುಟ್ಟಾಗಿಡಬಹುದು. ಫಲಿತಾಂಶ ನೋಡಿದ ಮೇಲೆ ಊಹೆ ಹೊಸೆದು ‘ಮೊದಲೇ ಅಂದಿದ್ದೆ’ ಎನ್ನುವ ಚಾಳಿಗೆ ಮನೋವಿಜ್ಞಾನಿ ನಾರ್ಬರ್ಟ್ ಕೆರ್ 1998ರಲ್ಲಿ ‘ಹಾರ್ಕಿಂಗ್’ ಎಂದು ಹೆಸರಿಟ್ಟರು. ಹೆರಿಗೆಯಾದ ಮೇಲೆ ‘ಹೆಣ್ಣೇ ಅಂತ ಆಗಲೇ ಹೇಳಿರಲಿಲ್ವಾ’ ಎನ್ನುವ ಜೋಯಿಸರು ನಮ್ಮೂರಲ್ಲೂ ಇದ್ದರು.

5. ಬಿದ್ದ ಊಹೆಯನ್ನು ಅಳಿಸಬೇಡಿ. ಸ್ಥಿತಿ ಬದಲಿಸಿ, ಯಾವ ಪುರಾವೆಗೆ ಬಿತ್ತು ಎಂಬುದನ್ನು ದಿನಾಂಕದೊಂದಿಗೆ ಒಂದು ಸಾಲು ಬರೆದು, ‘ಬಿಟ್ಟವು’ ಎಂಬ ಫೋಲ್ಡರಿಗೆ ಸರಿಸಿ. ಶನಿವಾರಕ್ಕೊಮ್ಮೆ ಇಡೀ ಫೋಲ್ಡರಿನ ನಕಲು ಪೆನ್‌ಡ್ರೈವಿಗೂ ಹೋಗಲಿ. ಆ ಪೆನ್‌ಡ್ರೈವ್ ಎಲ್ಲಿಟ್ಟಿರಿ ಎಂಬುದನ್ನು ಮಾತ್ರ ನೀವೇ ನೆನಪಿಟ್ಟುಕೊಳ್ಳಬೇಕು.