ಮೈದಾನದ ಹುಲ್ಲು ಕೊಯ್ಯುವ ಗಾಡಿ: ಬಡಾವಣೆಗೆ ಹೊಸದಾಗಿ ಬಂದವರಿಗೆ

ರೈಲ್ವೆ, ಹೈಕೋರ್ಟ್ ಪೀಠ, ಐಐಟಿ, ಬ್ಯಾಂಕು ಅಂತ ವರ್ಗವಾಗಿ ಹುಬ್ಬಳ್ಳಿ-ಧಾರವಾಡಕ್ಕೆ ಬಂದು ನಮ್ಮ ಬಡಾವಣೆ ಸೇರಿದ ಎಲ್ಲ ಕುಟುಂಬಗಳಿಗೂ ಕನ್ನಡ ಸಂಘದ ಸ್ವಾಗತ. ನೀರು ಬಿಡುವ ದಿನ, ಗ್ಯಾಸು, ಶಾಲೆಗಳ ವಿವರ ಬೇರೆ ಹಾಳೆಗಳಲ್ಲಿದೆ. ಇದು ಮೈದಾನದ ಹುಲ್ಲು ಕೊಯ್ಯುವ ಗಾಡಿಯ ಹಾಳೆ. ಮಕ್ಕಳು ಆಡುವುದು, ಹಿರಿಯರು ಸಂಜೆ ಅಡ್ಡಾಡುವುದು, ನವೆಂಬರ್ 1ಕ್ಕೆ ನಾವೆಲ್ಲ ಸೇರುವುದು ಅದೇ ಮೈದಾನದಲ್ಲಿ. ಹುಲ್ಲು ಕೊಯ್ಯುವ ಪಾಳಿ ಪ್ರತಿ ಮನೆಗೂ ಬರುತ್ತದೆ. ಹಾಗಾಗಿ ಕೂತು ಓಡಿಸುವ ಈ ಲಾನ್ ಮೂವರ್‌ನ ಗುಣ ಎಲ್ಲರಿಗೂ ತಿಳಿದಿರಬೇಕು.

ಈ ಗಾಡಿ ಓಡಿ ಕೆಡುವುದಕ್ಕಿಂತ ನಿಂತು ಕೆಡುವುದೇ ಹೆಚ್ಚು. ಮಳೆಗಾಲದಲ್ಲಿ ಬಿಡುವಿಲ್ಲದ ಕೆಲಸ. ಬೇಸಿಗೆಯಲ್ಲಿ ಕರಕಿ ಒಣಗಿದ ಮೇಲೆ ತಿಂಗಳುಗಟ್ಟಲೆ ಶೆಡ್ಡಿನಲ್ಲೇ ನಿಂತಿರುತ್ತದೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಇಂಥ ಸಣ್ಣ ಎಂಜಿನ್‌ಗಳಲ್ಲಿ ಬಹಳಷ್ಟು ಶೇ. 10ರ ಮಿಶ್ರಣದ ಲೆಕ್ಕಕ್ಕೆ ತಯಾರಾದವು. ಎಥನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಹಳತಾದ ಪೆಟ್ರೋಲು ಅಂಟಾಗಿ ಕಾರ್ಬುರೇಟರಿನ ಸಣ್ಣ ತೂತುಗಳನ್ನು ಮುಚ್ಚುತ್ತದೆ. ಆದ್ದರಿಂದ ಒಂದು ತಿಂಗಳಲ್ಲಿ ಮುಗಿಯುವಷ್ಟು ಪೆಟ್ರೋಲನ್ನು ಮಾತ್ರ ತನ್ನಿ. ಹಂಗಾಮಿನ ಕೊನೆಯ ಪಾಳಿ ನಿಮ್ಮದಾದರೆ, ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಬಯಲಿನಲ್ಲಿ ಟ್ಯಾಂಕು ಖಾಲಿ ಮಾಡಿ. ಆಮೇಲೆ ಗಾಡಿ ಚಾಲೂ ಮಾಡಿ, ಕಾರ್ಬುರೇಟರಿನಲ್ಲಿ ಉಳಿದದ್ದೂ ತೀರಿ ತಾನಾಗಿಯೇ ನಿಲ್ಲುವವರೆಗೆ ಬಿಡಿ. ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಬ್ಯಾಟರಿಗೆ ಚಾರ್ಜ್ ಹಾಕುವುದನ್ನು ಮರೆಯಬೇಡಿ.

ಕೀಲಿಕೈ ತಿರುಗಿಸಿದರೆ ಸದ್ದೇ ಇಲ್ಲವೇ? ಬ್ಯಾಟರಿಯನ್ನು ಬೈಯುವ ಮೊದಲು ನೀವು ಸೀಟಿನ ಮೇಲೆ ಸರಿಯಾಗಿ ಕೂತಿದ್ದೀರಾ, ಬ್ರೇಕ್ ಪೆಡಲ್ ಪೂರ್ತಿ ಒತ್ತಿದ್ದೀರಾ, ಬ್ಲೇಡ್ ತಿರುಗಿಸುವ ಲಿವರ್ ಬಂದ್ ಇದೆಯಾ ನೋಡಿ. ಈ ಮೂರಕ್ಕೂ ಒಂದೊಂದು ಸುರಕ್ಷತಾ ಸ್ವಿಚ್ ಇದೆ. ಸ್ವಿಚ್ ತೊಂದರೆ ಕೊಡುತ್ತದೆಂದು ವೈರ್ ನೇರ ಜೋಡಿಸಿಬಿಡುವ ಅಭ್ಯಾಸ ಕೆಲವರಿಗಿದೆ. ನಮ್ಮ ಗಾಡಿಗೆ ಅದನ್ನು ಯಾರೂ ಮಾಡಕೂಡದು. ಚಾಲಕ ಕೆಳಗೆ ಬಿದ್ದರೆ ಬ್ಲೇಡನ್ನು ನಿಲ್ಲಿಸುವುದು ಸೀಟಿನ ಸ್ವಿಚ್ಚೇ. ಬರೀ ‘ಟಕ್’ ಅಂದು ಸುಮ್ಮನಾದರೆ ಆಗ ಬ್ಯಾಟರಿ ಕಡೆ ಹೋಗಿ. ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಟರ್ಮಿನಲ್ ಮೇಲೆ ಬೂಷ್ಟಿನಂಥ ಪುಡಿ ಕಟ್ಟಿದ್ದರೆ ಮೊದಲು ಮೈನಸ್ ತಂತಿ ಬಿಚ್ಚಿ, ಅಡುಗೆ ಸೋಡಾ ಕಲಸಿದ ನೀರಿನಲ್ಲಿ ಉಜ್ಜಿ, ಒಣಗಿಸಿ, ವ್ಯಾಸಲೀನ್ ಸವರಿ.

ಎಂಜಿನ್ ತಿರುಗುತ್ತದೆ, ಹತ್ತುವುದಿಲ್ಲ ಅಂದರೆ ಪೆಟ್ರೋಲು, ಚೋಕ್, ಫಿಲ್ಟರ್, ಸ್ಪಾರ್ಕ್ ಪ್ಲಗ್ ಈ ಕ್ರಮದಲ್ಲಿ ನೋಡಿ. ಪ್ಲಗ್ ಒದ್ದೆಯಾಗಿದ್ದರೆ ಚೋಕ್ ಅತಿಯಾಗಿದೆ, ಒರೆಸಿ ಸ್ವಲ್ಪ ಹೊತ್ತು ಬಿಡಿ. ಒಣ ಕಪ್ಪು ಮಸಿ ಇದ್ದರೆ ಏರ್ ಫಿಲ್ಟರ್ ಕಟ್ಟಿಕೊಂಡಿರಬಹುದು. ಚೆನ್ನಾಗಿ ಓಡುತ್ತಿದ್ದದ್ದು ಸ್ವಲ್ಪ ಹೊತ್ತಿಗೆ ಉಸಿರುಕಟ್ಟಿ ನಿಂತರೆ, ಎಂಜಿನ್ ತಣ್ಣಗಾದ ಮೇಲೆ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಒಮ್ಮೆ ಸಡಿಲಿಸಿ ನೋಡಿ. ಮತ್ತೆ ಓಡತೊಡಗಿದರೆ ಮುಚ್ಚಳದ ಗಾಳಿ ತೂತಿನಲ್ಲಿ ದೂಳು ತುಂಬಿದೆ ಎಂದರ್ಥ. ಕಾರ್ಬುರೇಟರ್ ಬಿಚ್ಚುವ ಖರ್ಚು ಉಳಿಯಿತು.

ದೂಳು ಈ ಸೀಮೆಯ ದೊಡ್ಡ ಶತ್ರು. ಧಾರವಾಡದ ಪಶ್ಚಿಮಕ್ಕೆ ಕೆಂಪು ಮಣ್ಣು; ಹುಬ್ಬಳ್ಳಿ ದಾಟಿ ನವಲಗುಂದ, ಗದಗದ ಕಡೆ ಹೋದಂತೆ ಎರಿ ಮಣ್ಣು, ಅಂದರೆ ಕಪ್ಪು ಮಣ್ಣು. ಒಣಗಿದ ಎರಿ ಮಣ್ಣು ಹಿಟ್ಟಿನಂತೆ ಏಳುತ್ತದೆ. ಏರ್ ಫಿಲ್ಟರನ್ನು 25 ಗಂಟೆಗೊಮ್ಮೆ ಸ್ವಚ್ಛ ಮಾಡಿ ಅಂತ ಇಂಥ ಗಾಡಿಗಳ ಪುಸ್ತಕಗಳಲ್ಲಿ ಬರೆದಿರುತ್ತಾರೆ. ಇಲ್ಲಿ ಅಷ್ಟು ಕಾಯಬೇಡಿ. ಕಾಗದದ ಫಿಲ್ಟರನ್ನು ಮೆಲ್ಲಗೆ ತಟ್ಟಿ ಕೊಡವಿದರೆ ಸಾಕು; ಪೆಟ್ರೋಲಿನಲ್ಲಿ ತೊಳೆದರೆ, ಕಂಪ್ರೆಸರ್ ಗಾಳಿ ಹೊಡೆದರೆ ಅದು ಹರಿಯುತ್ತದೆ. ಅದೇ ಎರಿ ಮಣ್ಣು ಮಳೆ ಬಿದ್ದ ಮೇಲೆ ಚಕ್ರವನ್ನೇ ನುಂಗುತ್ತದೆ, ನೆಲ ಗಟ್ಟಿಯಾಗುವವರೆಗೆ ಗಾಡಿ ಇಳಿಸಬೇಡಿ. ಹಸಿ ಹುಲ್ಲು ಡೆಕ್ಕಿನ (ಬ್ಲೇಡನ್ನು ಮುಚ್ಚಿರುವ ತಗಡಿನ ಹೊದಿಕೆ) ಅಡಿ ಮುದ್ದೆಗಟ್ಟಿ ಬ್ಲೇಡಿಗೆ ಅಡ್ಡ ಬರುತ್ತದೆ, ತಗಡಿಗೆ ತುಕ್ಕು ಹಿಡಿಸುತ್ತದೆ.

ಬ್ಲೇಡಿನ ವಿಷಯದಲ್ಲಿ ದಯವಿಟ್ಟು ಅವಸರ ಬೇಡ. ಡೆಕ್ಕಿನ ಅಡಿ ಕೈ ಹಾಕುವ ಮುನ್ನ ಕೀಲಿಕೈ ತೆಗೆದು ಜೇಬಿನಲ್ಲಿಡಿ, ಪ್ಲಗ್ಗಿನ ವೈರ್ ಕಿತ್ತಿಡಿ, ದಪ್ಪ ಕೈಗವಸು ಹಾಕಿ. ಹುಲ್ಲಿನ ತುದಿ ಚಿಂದಿಯಾಗಿ ಬಿಳಿಚಿದ್ದರೆ ಬ್ಲೇಡು ಮೊಂಡಾಗಿದೆ. ಸಾಣೆ ಹಿಡಿಸಿದ ಮೇಲೆ ನಡುವಿನ ತೂತನ್ನು ಗೋಡೆಯ ಮೊಳೆಗೆ ಸಿಕ್ಕಿಸಿ ನೋಡಿ. ಒಂದು ಕಡೆ ಜಗ್ಗಿದರೆ ಆ ಕಡೆ ಇನ್ನಷ್ಟು ತಿಕ್ಕಬೇಕು. ತೂಕ ಸಮವಿಲ್ಲದ ಬ್ಲೇಡು ಗಾಡಿಯನ್ನೆಲ್ಲ ನಡುಗಿಸಿ ಬೇರಿಂಗ್ ತಿನ್ನುತ್ತದೆ. ಬ್ಲೇಡು ಚೂಪಾಗಿದ್ದೂ ಹುಲ್ಲು ಏರುಪೇರಾದರೆ ನಾಲ್ಕೂ ಟೈರಿನ ಗಾಳಿ ನೋಡಿ.

ಕೊಯ್ಯುವ ಮೊದಲು ಮೈದಾನವನ್ನು ಒಮ್ಮೆ ನಡೆದೇ ಸುತ್ತಿ. ಗಣಪತಿ ಪೆಂಡಾಲಿನ ತಂತಿ, ಕಲ್ಲಿನ ಚೂರು, ಕೆಲವೊಮ್ಮೆ ಹಾವೂ ಇರುತ್ತದೆ. ಬ್ಲೇಡಿಗೆ ಸಿಕ್ಕ ಕಲ್ಲು ಗುಂಡಿನಂತೆ ಹಾರುತ್ತದೆ, ಹಾಗಾಗಿ ಆ ಹೊತ್ತಿನಲ್ಲಿ ಮಕ್ಕಳು ಮನೆಯೊಳಗಿರಲಿ. ಎಷ್ಟೇ ಹಟ ಮಾಡಿದರೂ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಓಡಿಸಬೇಡಿ. ಇಳಿಜಾರಿನಲ್ಲಿ ಅಡ್ಡಡ್ಡ ಓಡಿಸದೆ ಮೇಲೆ-ಕೆಳಗೆ ಓಡಿಸಿ. ಅಂಚಿನ ಕಾಂಗ್ರೆಸ್ ಕಸ ಹೂ ಬಿಡುವ ಮೊದಲೇ ತೆಗೆಯಬೇಕು, ಅಲರ್ಜಿ ಇರುವವರು ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳಿ.

ಬೆಲ್ಟ್ ಹರಿದರೆ ಹಳೆಯದನ್ನು ಕೈಯಲ್ಲೇ ಒಯ್ಯಿರಿ, ಅದರ ಮೇಲಿನ ನಂಬರ್ ಅಳಿಸಿದ್ದರೂ ಅಂಗಡಿಯವರು ಅಳತೆ ನೋಡಿ ಕೊಡುತ್ತಾರೆ. ಎಂಜಿನ್ ಬಿಚ್ಚುವ ಕೆಲಸಕ್ಕೆ ಪಂಪ್‌ಸೆಟ್, ಪವರ್ ಟಿಲ್ಲರ್ ರಿಪೇರಿ ಮಾಡುವವರನ್ನು ಹುಡುಕಿ. ಸಣ್ಣ ಪೆಟ್ರೋಲ್ ಎಂಜಿನ್ ಅವರ ಕೈಗೆ ಪರಿಚಿತ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳದಲ್ಲಿ ಯಂತ್ರಗಳ ಮಳಿಗೆಗಳಿರುತ್ತವೆ, ಹೋದಾಗ ವಿಚಾರಿಸಿ ಬನ್ನಿ. ಆಯಿಲ್ 50 ಗಂಟೆಗೊಮ್ಮೆ ಬದಲಿಸುತ್ತೇವೆ, ಗುರುತಿಗಿಂತ ಮೇಲೆ ತುಂಬಿದರೆ ನೀಲಿ ಹೊಗೆ ಬರುತ್ತದೆ. ಶೆಡ್ಡಿನ ಬಾಗಿಲಿಗೆ ಕಟ್ಟಿದ ನೋಟ್‌ಬುಕ್ಕಿನಲ್ಲಿ ಓಡಿಸಿದ ಗಂಟೆ, ಪೆಟ್ರೋಲ್ ತಂದ ತಾರೀಖು, ಹೊಸದಾಗಿ ಕೇಳಿದ ಸದ್ದು ಇದ್ದರೆ ಅದನ್ನೂ ಬರೆದು, ಕೀಲಿಕೈಯನ್ನು ಮುಂದಿನ ಪಾಳಿಯ ಮನೆಗೆ ಮುಟ್ಟಿಸಿ.