ಮೇಕೆ ಕಣ್ಣಿನಿಂದ ಬಿ-ವೇವ್ ತೆಗೆದದ್ದು: ನನ್ನ ಅನುಭವ

ಕಣ್ಣಿನ ಹಿಂಭಾಗದ ಪದರವಾದ ರೆಟಿನಾ ಮೇಲೆ ಬೆಳಕು ಬಿದ್ದಾಗ ಎರಡು ವಿದ್ಯುತ್ ಅಲೆ ಏಳುತ್ತವೆ: ಮೊದಲು ಕೆಳಗಿಳಿಯುವ ಎ-ವೇವ್, ಆಮೇಲೆ ಮೇಲೇಳುವ ಬಿ-ವೇವ್. ಮಾಂಸದಂಗಡಿಯಿಂದ ತಂದ ಕಣ್ಣಿನಲ್ಲಿ ಬಿ-ವೇವ್ ಬರುವುದಿಲ್ಲ ಅಂತ ನನಗೆ ಹೇಳದವರೇ ಇಲ್ಲ. ಎ-ವೇವ್ ಬೇಕಾದರೆ ಬರುತ್ತದೆ, ಅದನ್ನು ಕೊಡುವ ರಾಡ್‌ಗಳು (ಮಂದ ಬೆಳಕು ಗ್ರಹಿಸುವ ಕೋಶಗಳು) ಗಟ್ಟಿ ಜೀವ, ಆದರೆ ಆಮ್ಲಜನಕ ನಿಂತ ಕೆಲವೇ ನಿಮಿಷಗಳಲ್ಲಿ ಅವುಗಳಿಂದ ಬಿ-ವೇವ್ ಕೊಡುವ ಬೈಪೋಲಾರ್ ಕೋಶಗಳಿಗೆ ಸಂದೇಶ ಹೋಗುವುದು ನಿಂತುಬಿಡುತ್ತದೆ, ಸುಮ್ನೆ ಯಾಕೆ ಒದ್ದಾಡ್ತೀರಿ, ಇಲಿಯಲ್ಲೇ ಮಾಡಿ ಅಂದರು. ಈಗ ಬರುತ್ತಿದೆ. ಒಳ್ಳೆಯ ದಿನ 40–50 ಮೈಕ್ರೋವೋಲ್ಟ್ ಸಿಗುತ್ತದೆ.

ಹದಿನೈದು ವರ್ಷದಿಂದ ರೆಟಿನಾ ಬಿಟ್ಟು ಬೇರೆ ಕೆಲಸ ಮಾಡಿಲ್ಲ. ಡಯಾಬಿಟಿಸ್‌ನಲ್ಲಿ ರಕ್ತನಾಳ ಕೆಡುವುದು ಕಣ್ಣಿಗೆ ಕಾಣುವ ಮೊದಲೇ ನರಕೋಶಗಳು ಹೇಗೆ ಸೊರಗುತ್ತವೆ ಅನ್ನುವುದು ನನ್ನ ಪ್ರಶ್ನೆ. ಇಲಿ ಸಾಕುವುದಕ್ಕೆ ತಿಂಗಳಿಗೆ ಮೂವತ್ತು ಸಾವಿರದ ಹತ್ತಿರ ಹೋಗುತ್ತಿತ್ತು. ಗ್ರಾಂಟ್ ಮುಗಿಯಿತು. ಮೇಕೆ ಕಣ್ಣು ಜೋಡಿಗೆ ಇಪ್ಪತ್ತು ರೂಪಾಯಿ, ನಮಗೋಸ್ಕರ ಯಾವ ಪ್ರಾಣಿಯನ್ನೂ ಕೊಲ್ಲಬೇಕಿಲ್ಲ. ಒಂದು ಕಣ್ಣಿನಲ್ಲಿ ರೆಟಿನಾದ ಐದಾರು ತುಂಡು ಬರುವುದರಿಂದ ಹೋಲಿಕೆಗೆ ಇಡುವ ಕಂಟ್ರೋಲ್ ತುಂಡೂ ಅದೇ ಕಣ್ಣಿನದು. ಇಲಿಯಲ್ಲಿ ಈ ಅನುಕೂಲ ಎಲ್ಲಿದೆ?

ಮೊದಲ ಆರೇಳು ತಿಂಗಳು ಬರೀ ನೇರ ಗೆರೆ. ಬೆಳಿಗ್ಗೆ ಹತ್ತಕ್ಕೆ ತಂದ ಕಣ್ಣಿಗೆ ಆಗಲೇ ಗಂಟೆಗಟ್ಟಲೆ ವಯಸ್ಸಾಗಿರುತ್ತದೆ, ಬಿಸಿಲು ಬೇರೆ ಬಿದ್ದಿರುತ್ತದೆ. 2022ರಲ್ಲಿ ನೇಚರ್ ಪತ್ರಿಕೆಯಲ್ಲಿ ಅಂಗದಾನಿಗಳ ಕಣ್ಣಿನ ಪೇಪರ್ ಬಂತಲ್ಲ, ಅದರಲ್ಲೂ ಬಿ-ವೇವ್ ಸಿಕ್ಕಿದ್ದು ಸಾವಿನ ನಂತರ ಇಪ್ಪತ್ತು ನಿಮಿಷದೊಳಗೆ ತೆಗೆದು ಆಮ್ಲಜನಕ ಕೊಟ್ಟ ಕಣ್ಣುಗಳಲ್ಲಿ. ಅದನ್ನು ಓದಿದ ಮೇಲೆ ಕಣ್ಣನ್ನು ಲ್ಯಾಬಿಗೆ ತರುವುದು ಬಿಟ್ಟು, ಲ್ಯಾಬನ್ನೇ ಅಂಗಡಿ ಹತ್ತಿರ ಒಯ್ದೆ. ಬೆಂಗಳೂರಿನ ಟ್ಯಾನರಿ ರಸ್ತೆ ಕಡೆ ಅಂಗಡಿಯ ಭಾಯ್ ಒಬ್ಬರು ಬೆಳಿಗ್ಗೆ ಐದಕ್ಕೆ, ಇನ್ನೂ ಕತ್ತಲಿರುವಾಗಲೇ ಕೊಡಲು ಒಪ್ಪಿದರು. "ಮೇಡಂ, ತಲೆ ಬೇಡ, ಕಣ್ಣಷ್ಟೇ ಸಾಕಾ?" ಅಂತ ವಾರಗಟ್ಟಲೆ ಕೇಳಿದರು. ಪಕ್ಕದಲ್ಲೇ ನಿಲ್ಲಿಸಿದ ಓಮ್ನಿಯ ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿ, ಮಂದ ಕೆಂಪು ದೀಪದಲ್ಲಿ ಕಾರ್ನಿಯಾ, ಲೆನ್ಸ್ ತೆಗೆದು, ಉಳಿದ ಬಟ್ಟಲನ್ನು ಕಾರ್ಬೋಜನ್ (ಆಮ್ಲಜನಕ, ಇಂಗಾಲದ ಡೈಆಕ್ಸೈಡ್ ಮಿಶ್ರಣ) ಹಾಯಿಸಿದ ದ್ರಾವಣದಲ್ಲಿ ಮುಳುಗಿಸುತ್ತೇನೆ. ಇಷ್ಟಕ್ಕೆಲ್ಲ ಎಂಟು ನಿಮಿಷ ಸಾಕು. ದ್ರಾವಣ ಎಷ್ಟು ತಂಪಿರಬೇಕು, ವಿಟ್ರಿಯಸ್ (ಕಣ್ಣೊಳಗಿನ ಲೋಳೆ) ಹೇಗೆ ಬಿಡಿಸಬೇಕು ಅನ್ನುವುದನ್ನು ಈಗ ಹೇಳುವುದಿಲ್ಲ. ಪೇಪರ್ ಹೊರಬರಲಿ.

ರೆಟಿನಾವನ್ನು ತಕ್ಷಣ ಸುಲಿಯಬೇಡಿ. ಅದರ ಹಿಂದಿನ ಪಿಗ್ಮೆಂಟ್ ಎಪಿಥೀಲಿಯಂ ಪದರದಿಂದ ಬೇರೆ ಮಾಡಿದ ಮೇಲೆ, ಬೆಳಕಿಗೆ ಬ್ಲೀಚ್ ಆದ ರೊಡಾಪ್ಸಿನ್ (ರಾಡ್‌ಗಳಲ್ಲಿ ಬೆಳಕು ಹೀರುವ ವಸ್ತು) ಮತ್ತೆ ತುಂಬಿಕೊಳ್ಳುವುದಿಲ್ಲ. ಒಂದು ಗಂಟೆ ಬಟ್ಟಲಿನಲ್ಲೇ ಕತ್ತಲಲ್ಲಿ ಇರಲಿ.

ದುಡ್ಡಿನ ವಿಷಯ. ರೆಟಿನಾವನ್ನು ಜೀವಂತ ಇಡುವ ಸಿದ್ಧ ದ್ರಾವಣ ಏಮ್ಸ್ ಮೀಡಿಯಂ ತರಿಸಿದರೆ ಬೆಲೆಯೂ ಜಾಸ್ತಿ, ಎರಡು ತಿಂಗಳು ಕಾಯಲೂ ಬೇಕು. ಉಪ್ಪು, ಬೈಕಾರ್ಬೊನೇಟ್, ಗ್ಲೂಕೋಸ್ ಹಾಕಿ ನಾನೇ ಮಾಡಿಕೊಳ್ಳುತ್ತೇನೆ, ಸ್ವಲ್ಪ ಗ್ಲುಟಮಿನ್ ಸೇರಿಸಿದರೆ ತುಂಡುಗಳು ಜಾಸ್ತಿ ಹೊತ್ತು ಬಾಳುತ್ತವೆ. ಈ ಸಣ್ಣ ಅಲೆಗಳನ್ನು ಹಿಗ್ಗಿಸುವ ಆಂಪ್ಲಿಫಯರ್‌ಗೆ ಕೊಟೇಶನ್ ನಾಲ್ಕು ಲಕ್ಷದ ಮೇಲಿತ್ತು. ಎಸ್.ಪಿ. ರೋಡಿನಲ್ಲಿ ಎಡಿ620 ಆಂಪ್ಲಿಫಯರ್ ಚಿಪ್ ತಂದು, ಬ್ಯಾಟರಿ ಮೇಲೆ ಓಡಿಸಿದೆ, ಪೆಟ್ಟಿಗೆಯೂ ಸೇರಿ ಮೂರು ಸಾವಿರ ದಾಟಲಿಲ್ಲ. ಕರೆಂಟ್ ಲೈನಿನ 50 ಹರ್ಟ್ಸ್ ಗಲಾಟೆ ಮಾತ್ರ ತಾಮ್ರದ ಜಾಲರಿ ಸುತ್ತಿದರೂ ಹೋಗಲಿಲ್ಲ. ಕೊನೆಗೆ ದ್ರಾವಣ ಹಾಯಿಸುವ ಪಂಪ್ ತೆಗೆದು ಆಸ್ಪತ್ರೆಯ ಡ್ರಿಪ್ ಸೆಟ್ ನೇತುಹಾಕಿದೆ, ಅವತ್ತೇ ಗೆರೆ ಸ್ವಚ್ಛವಾಯಿತು. ಎಲೆಕ್ಟ್ರೋಡ್‌ಗೆ ನಗರ್ತಪೇಟೆಯ ಅಪ್ಪಟ ಬೆಳ್ಳಿ ತಂತಿ, ಬಟ್ಟೆಯ ಬ್ಲೀಚಿನಲ್ಲಿ ಕಪ್ಪಾಗುವ ತನಕ ಅದ್ದಿದ್ದು.

ಅಲೆ ಬಂದ ಮೇಲೂ ಅನುಮಾನ ಹೋಗಲಿಲ್ಲ. ಒಂದು ಮೀಟಿಂಗ್‌ನಲ್ಲಿ ಹಿರಿಯರೊಬ್ಬರು ಇದು ಬೆಳ್ಳಿ ಮೇಲೆ ಬೆಳಕು ಬಿದ್ದು ಬಂದ ಆರ್ಟಿಫ್ಯಾಕ್ಟ್, ಸುಳ್ಳು ಸಿಗ್ನಲ್ ಅಂದರು. ನ್ಯಾಯವಾದ ಪ್ರಶ್ನೆಯೇ. ಎಲೆಕ್ಟ್ರೋಡನ್ನು ಅಗಾರ್ ಬ್ರಿಡ್ಜ್ (ಉಪ್ಪು ಬೆರೆತ ಜೆಲ್‌ನ ಸೇತುವೆ) ಹಿಂದೆ ಮುಚ್ಚಿಟ್ಟೆ, ಅಲೆ ಹಾಗೇ ಇತ್ತು. ಆಮೇಲೆ ರಾಡ್‌ನಿಂದ ಬೈಪೋಲಾರ್ ಕೋಶಕ್ಕೆ ಹೋಗುವ ಸಂದೇಶ ತಡೆಯುವ ಎಪಿ4 ಹಾಕಿದೆ. ಮೇಲೆದ್ದ ಅಲೆ ನಿಧಾನಕ್ಕೆ ಕುಗ್ಗಿತು, ಕೆಳಗಿಳಿಯುವ ರಾಡ್ ಸಿಗ್ನಲ್ ಮಾತ್ರ ಉಳಿಯಿತು. ತೊಳೆದೆ. ಇಪ್ಪತ್ತು ನಿಮಿಷಕ್ಕೆ ಬಿ-ವೇವ್ ಅರ್ಧಕ್ಕಿಂತ ಜಾಸ್ತಿ ವಾಪಸ್ ಬಂತು. ಬೆಳ್ಳಿ ತಂತಿಗೆ ಎಪಿ4 ಹಿಡಿಯುವ ಎಂಗ್ಲೂಆರ್6 ರಿಸೆಪ್ಟರ್ ಇರುವುದಿಲ್ಲ ಅಲ್ವಾ? ಎಪಿ4 ದುಬಾರಿ ಅನ್ನುವವರು ಆಸ್ಪರ್ಟೇಟ್ ಹಾಕಿ ನೋಡಿ, ಅದೂ ಬಿ-ವೇವ್ ಅಳಿಸುತ್ತದೆ, ಆದರೆ ಬರೀ ಆನ್ ದಾರಿಯನ್ನಲ್ಲ (ಬೆಳಕು ಬಂದಾಗ ಎಚ್ಚರಗೊಳ್ಳುವ ಬೈಪೋಲಾರ್ ಕೋಶಗಳದ್ದು), ರಾಡ್‌ಗಳ ಮುಂದಿನ ಎಲ್ಲವನ್ನೂ.

ನಡುವೆ ಕೋಳಿ ಕಣ್ಣನ್ನೂ ನೋಡಿದೆ, ಪ್ರತಿ ಬೀದಿಯಲ್ಲೂ ಸಿಗುತ್ತದಲ್ಲ ಅಂತ. ಹಗಲ ಬೆಳಕು ಗ್ರಹಿಸುವ ಕೋನ್‌ಗಳು ಜಾಸ್ತಿ, 30 ಹರ್ಟ್ಸ್ ಫ್ಲಿಕರ್ (ಮಿನುಗುವ ಬೆಳಕು) ಕೊಟ್ಟರೂ ಬಿಡದೆ ಹಿಂಬಾಲಿಸಿತು. ಆದರೆ ಕೋಳಿ ರೆಟಿನಾದೊಳಗೆ ರಕ್ತನಾಳಗಳೇ ಇಲ್ಲ, ನನ್ನ ಪ್ರಶ್ನೆಗೆ ಬರಲಿಲ್ಲ. ಕೋನ್ ಮೇಲೆ ಕೆಲಸ ಮಾಡುವವರು ಎತ್ತಿಕೊಳ್ಳಲಿ.

ಈಗ ಮೇಕೆಯ ತುಂಡುಗಳನ್ನು ಜಾಸ್ತಿ ಗ್ಲೂಕೋಸ್‌ನಲ್ಲಿಟ್ಟು ಆಸಿಲೇಟರಿ ಪೊಟೆನ್ಶಿಯಲ್ (ಬಿ-ವೇವ್ ಏರುವಾಗ ಅದರ ಮೇಲೆ ಕಾಣುವ ಪುಟ್ಟ ಅಲೆಗಳು) ಎಷ್ಟು ತಡವಾಗುತ್ತದೆ ಅಂತ ಅಳೆಯುತ್ತಿದ್ದೇನೆ, ಡಯಾಬಿಟಿಸ್ ರೋಗಿಗಳಲ್ಲಿ ಬೇಗ ಏರುಪೇರಾಗುವ ಭಾಗ ಅದು. ಪಕ್ಕದ ತುಂಡಿಗೆ ಅಷ್ಟೇ ಮ್ಯಾನಿಟಾಲ್ (ಕೋಶಗಳು ಬಳಸದ, ಸಕ್ಕರೆಯಂಥ ವಸ್ತು) ಹಾಕಿ ಆಸ್ಮೊಲಾರಿಟಿ (ಕರಗಿದ ಕಣಗಳ ಒಟ್ಟು ಸಾಂದ್ರತೆ) ಸರಿದೂಗಿಸುತ್ತೇನೆ. ಹಾಗೆ ಮಾಡದವರ ಗ್ಲೂಕೋಸ್ ಅಂಕಿಗಳನ್ನು ನಾನು ನಂಬುವುದಿಲ್ಲ.